ಒಂದೇ ಕೈಯಲ್ಲಿ ಮೋಟಾರು ನೇಗಿಲು

ಅಪ್ಪಾ,

ನೀನು ಗೋಡೆಗೆ ಬರೆದ ಜಾಹೀರಾತಿನ ಹಾಗೆಯೇ ಇವತ್ತು ನೇಗಿಲು ಮಾರುವ ನಮ್ಮ ಏಜೆಂಟರು ಪ್ರದರ್ಶನಕ್ಕೆ ನನ್ನನ್ನು ನಿಲ್ಲಿಸಿದರು. ಒಂದು ಕೈ ಮೋಟಾರು ನೇಗಿಲಿನ ಹಿಡಿಯ ಮೇಲೆ, ಇನ್ನೊಂದು ಕೈ ಜನರತ್ತ ಬೀಸುತ್ತ. ಅಂದು ಆ ಚಿತ್ರಕ್ಕೆಂದು ನಿನ್ನೆದುರು ನಿಂತಾಗ ಎಂಜಿನ್ ಆಫ್ ಆಗಿತ್ತು. ಇವತ್ತು ಓಡುತ್ತಿತ್ತು. ಕಲ್ಲಿಗೆ ಬಡಿದದ್ದೇ ತಡ, ಜನರತ್ತ ನುಗ್ಗಿತು. ಎರಡೂ ಕೈಯಲ್ಲಿ ಜೋತುಬಿದ್ದು ನಿಲ್ಲಿಸುವಷ್ಟರಲ್ಲಿ ಒಬ್ಬ ಅಜ್ಜಿಯ ಕಾಲಿಗೆ ಗೇಣು ದೂರವಿತ್ತು.

"ಗೋಡೆ ನೋಡಿ, ಮೊಮ್ಮಗಳಿಗೆ ಕೊಡಿಸೋಣ ಅಂತ ಬಂದಿದ್ದೆ ಕಣಮ್ಮ," ಅಂದಳು ಅವಳು.

ಆ ಚಿತ್ರ ತಿದ್ದಬೇಕು ಅಂದೆ. "ಗೋಡೆ ಮುಟ್ಟಿದ್ರೆ ನಿನ್ನ ಕೆಲಸ ಹೋಗತ್ತೆ," ಅಂದರು ಏಜೆಂಟರು.

ನೀನು ತೀರಿಹೋದಮೇಲೆ ಮುಚ್ಚಿಟ್ಟಿದ್ದ ಬಣ್ಣದ ಡಬ್ಬಿಗಳನ್ನು ತೆರೆದೆ. ಗೋಡೆಯಲ್ಲಿ ಬೀಸುವ ಕೈಯನ್ನು ಅಳಿಸಿ, ಅದನ್ನೂ ಹಿಡಿಯ ಮೇಲೆ ಬರೆದೆ. ಮುಗಿಸಿ ನೋಡಿದರೆ ಅದು ನನ್ನ ಕೈಯಲ್ಲ. ಹೆಬ್ಬೆರಳಿನ ಉಗುರು ನಿನ್ನದರಂತೆಯೇ ಸೀಳಿಕೊಂಡಿದೆ.

ಹಿಡಿ ಬಿಡಬೇಡಪ್ಪ.