ಮುರ್ತುಜಸಾಬನ ಪಾಳಿ

೯ ಸಪ್ಟೆಂಬರ್ ೧೯೧೮, ಸೋಮವಾರ. ಇಳಕಲ್

ಮಗ್ಗಕ್ಕೆ ರಜೆ. ಮಧ್ಯಾಹ್ನ ಮೇಳ ಕೂಡಿತು. ನನ್ನ ತಬಲಾ ತೇವಕ್ಕೆ ಇಳಿದಿತ್ತು, ಸುತ್ತಿಗೆ ಬಡಿದು ಏರಿಸಿದೆ. ನಾನು ಸೇರಿ ಐವರು. ರಾಚಪ್ಪನ ಹಾರ್ಮೋನಿಯಂ ಪೆಟ್ಟಿಗೆ ಇನ್ನೂ ಕೆಮ್ಮುತ್ತದೆ. ಖಾಸಿಂಸಾಬನ ಸಾರಂಗಿ ಅವನ ಜಾಗದಲ್ಲೇ ಇಟ್ಟೆವು. ಅವನು ತೀರಿಹೋಗಿ ಏಳು ತಿಂಗಳು.

ನಮ್ಮ ಕಟ್ಟಳೆ ಅದು. ಸತ್ತವನ ವಾದ್ಯ ಒಂದು ವರ್ಷ ಅವನ ಜಾಗದಲ್ಲಿ. ಅವನ ಪಾಳಿ ಬಂದಾಗ ಯಾರೂ ನುಡಿಸಬಾರದು. ಒಬ್ಬೊಬ್ಬರ ಪಾಳಿ ಹದಿನಾರು ಎಣಿಕೆ; ಅಷ್ಟನ್ನೂ ಸುಮ್ಮನೆ ತೊಡೆ ಮೇಲೆ ಬೆರಳಿಂದ ಎಣಿಸಬೇಕು. ಮೇಳ ಬಿಟ್ಟುಹೋದವನಿಗೆ ಮಾತ್ರ ಜಾಗವೂ ಇಲ್ಲ, ಪಾಳಿಯೂ ಇಲ್ಲ. ಎರಡೂ ಕಟ್ಟಳೆ ನಾನೇ ಮಾಡಿದ್ದು. ಹದಿನಾಲ್ಕು ವರ್ಷ ಬನಶಂಕರಿ, ಹುನಗುಂದ, ಕರೆದಲ್ಲಿಗೆ ಹೋಗಿ ಪುಕ್ಕಟೆ ನುಡಿಸಿದ್ದೇವೆ. ಒಂದು ವೀಳ್ಯ ಬಿಟ್ಟು ಏನೂ ಮುಟ್ಟಿಲ್ಲ. ಶಿಸ್ತೂ ಇಲ್ಲದಿದ್ದರೆ ಮೇಳ ಎಲ್ಲಿ ಉಳಿಯುತ್ತಿತ್ತು?

೨೩ ಸಪ್ಟೆಂಬರ್, ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ. ಮುರ್ತುಜಸಾಬ ಕ್ಲಾರ್ನೆಟ್ ಊದುತ್ತ ತನ್ನ ಪಾಳಿಯಲ್ಲಿ ಹನ್ನೊಂದನೆಯ ಎಣಿಕೆಗೆ ನಿಂತುಬಿಟ್ಟ. ಮತ್ತೆ ಮೊದಲಿನಿಂದ ಹಿಡಿದೆವು. ಮತ್ತೆ ಹನ್ನೊಂದು. ಮೂರನೆಯ ಸಲವೂ.

“ಉಸುರು ಮನ್ಯಾಗಿಟ್ಟು ಬಂದೀಯೇನಲೇ?”

“ಯಂಕಪ್ಪಣ್ಣ, ಎದಿ ಹಿಡದದ. ಇವತ್ತೊಂದಿನ ನನ್ನ ಬಿಟ್ಟು ನಡಸ್ರಿ.”

“ಬೀಡಿ ಸೇದಾಕ ಎದಿ ಹಿಡಿಯಂಗಿಲ್ಲ, ಹೌದಿಲ್ಲೋ? ಊದಾಕ ಆಗಲಿಲ್ಲಂದ್ರ ಎದ್ದು ಹೋಗು!”

ನಗುತ್ತಾನೆ ಅಂದುಕೊಂಡೆ. ಮೇಳ ಕಟ್ಟುವ ಮೊದಲಿನಿಂದಲೂ, ಮೂವತ್ತು ವರ್ಷ ಬೈದಿದ್ದೇನೆ, ಮೂವತ್ತು ವರ್ಷವೂ ನಕ್ಕಿದ್ದಾನೆ. ಕ್ಲಾರ್ನೆಟ್ ಒರೆಸಿದ. ಅರಿವೆಯಲ್ಲಿ ಸುತ್ತಿದ. ಎದ್ದು ಹೋದ.

ಹೋಗಲಿ.

೩೦ ಸಪ್ಟೆಂಬರ್, ಸೋಮವಾರ

ಬರಲಿಲ್ಲ. ಎಲ್ಲರನ್ನೂ ಸರಿಸಿ ಕೂಡಿಸಿ ಅವನ ಜಾಗ ಮುಚ್ಚಿದೆ. ರಾಚಪ್ಪ ಮಿಕಿಮಿಕಿ ನೋಡಿದ.

“ಹೋಗಿ ಕರಕೊಂಡು ಬರ್ಲೇನು?”

“ನಿನ್ನ ಕಾಲು ಭಾಳ ಹಗುರಾಗ್ಯಾವೇನು? ಕೂಡು.”

ಊರಿಗೆ ಹೊಸ ಜ್ವರ ಬಂದಿದೆ. ಬಾಗಲಕೋಟೆಯಲ್ಲಿ ಮನೆಗೊಬ್ಬರು ಮಲಗಿದ್ದಾರಂತೆ.

೩ ಅಕ್ಟೋಬರ್, ಬೆಳಿಗ್ಗೆ

ಲಾಲಬಿ ಬಂದಿದ್ದಳು, ಮುರ್ತುಜಸಾಬನ ಹೆಂಡತಿ. ಹೊಸ್ತಿಲಲ್ಲೇ ನಿಂತಳು.

“ಜ್ವರ ಬಂದು ಮಲಗ್ಯಾರ್ರಿ. ನನ್ನ ಪಾಳಿ ಅದನೋ ಇಲ್ಲೋ ಕೇಳ್ಕೊಂಡು ಬಾ ಅಂದಾರ.”

“ಎದ್ದ ಮ್ಯಾಲೆ ಅವನ ಬಂದು ಕೇಳಲಿ.”

“ಹೂಂ ಅನ್ರಲ್ಲ ಅಣ್ಣಾ. ನಿಮ್ಮ ಗಂಟೇನು ಹೋಗ್ತದ?”

ಮಗ್ಗದ ಕಡೆ ತಿರುಗಿ ಲಾಳಿ ಹೊಡೆದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ.

ಸೋಮವಾರ ನಾನೇ ಹೋಗಿ ಕರೆತರುತ್ತೇನೆ. ಅಲ್ಲಿಯವರೆಗೆ ಅವನಿಗೂ ಸ್ವಲ್ಪ ತಿಳಿಯಲಿ.

೨೮ ಅಕ್ಟೋಬರ್, ಸೋಮವಾರ

ನಾಲ್ಕನೆಯ ತಾರೀಖಿಗೆ ನಾನೂ ಮಲಗಿದೆ. ಇವತ್ತು ಗೋಡೆ ಹಿಡಿದು ಎದ್ದೆ. ರಾಚಪ್ಪ ಸತ್ತ. ಮಿಕ್ಕಿಬ್ಬರು ಊರು ಬಿಟ್ಟರಂತೆ.

ಮುರ್ತುಜಸಾಬ... ಆರನೆಯ ತಾರೀಖಿಗೇ. ರವಿವಾರ.

ಮಣ್ಣು ಹಾಕಲೂ ಹೋಗಲಿಲ್ಲ ನಾನು.

೨ ನವೆಂಬರ್

ಕೋಲೂರಿಕೊಂಡು ಲಾಲಬಿಯ ಮನೆಗೆ ಹೋದೆ. ಕ್ಲಾರ್ನೆಟ್ ಗೂಟಕ್ಕೆ ತೂಗುತ್ತಿತ್ತು, ಅದೇ ಅರಿವೆಯಲ್ಲಿ.

“ಕೊಡವ್ವ. ಅವನ ಜಾಗದಾಗ ಇಡ್ತೇನಿ.”

“ಬಿಟ್ಟುಹೋದವ್ರಿಗೆ ಜಾಗ ಇಲ್ಲಲ್ರಿ?”

“ಅವ ಬಿಟ್ಟಿಲ್ಲ. ನಾನ ಕಳಿಸಿದ್ದು.”

ಲಾಲಬಿ ಗೂಟದ ಕಡೆ ನೋಡಿದಳು. ಆಮೇಲೆ ಅಂದಳು: “ನನ್ನ ಕೈಯಾಗಿನ ಬಳಿ ಸಪ್ಪಳಾದ್ರ ಸಾಕು, ‘ಏನಂದ ಯಂಕಪ್ಪಣ್ಣ’ ಅಂತ ಕೇಳವ್ರು. ಮಗ್ಗ ಹೊಡೀತಿತ್ತು, ಅಣ್ಣಗ ನನ್ನ ಮಾತು ಕೇಳಸಲಿಲ್ಲ ಅಂತ ಹೇಳಿದೆ. ‘ಹಂಗಾರ ಸೋಮವಾರ ಹೋಗು, ಮಗ್ಗ ಇರಂಗಿಲ್ಲ’ ಅಂದ್ರು.”

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಲಾರ್ನೆಟ್ ಇಳಿಸಿ ಕೈಗೆ ಕೊಟ್ಟಳು.

೪ ನವೆಂಬರ್, ಸೋಮವಾರ

ಮಧ್ಯಾಹ್ನ ಮೇಳದ ಜಮಖಾನೆ ಹಾಸಿದೆ. ಸಾರಂಗಿ. ರಾಚಪ್ಪನ ಪೆಟ್ಟಿಗೆ. ಕ್ಲಾರ್ನೆಟ್, ಅದರ ಜಾಗದಲ್ಲಿ. ನಾನೊಬ್ಬನೇ ಬಾರಿಸಿದೆ. ಖಾಸಿಂಸಾಬನ ಹದಿನಾರು ಬಿಟ್ಟೆ. ರಾಚಪ್ಪನ ಹದಿನಾರು ಬಿಟ್ಟೆ. ಕೈ ತಪ್ಪಲಿಲ್ಲ.

ಮುರ್ತುಜಸಾಬನ ಪಾಳಿ. ತೊಡೆ ಮೇಲೆ ಬೆರಳಿಟ್ಟೆ. ಒಂಬತ್ತು. ಹತ್ತು. ಮುಂದಕ್ಕೆ ಬೆರಳು ಏಳಲಿಲ್ಲ.

ಮತ್ತೆ ಮೊದಲಿನಿಂದ ಹಿಡಿದೆ. ಎಂಟು. ಒಂಬತ್ತು. ಹತ್ತು. ಹನ್ನೊ—