ಸೂರ್ಯ ಮುಳುಗುವ ಮುಂಚಿನ ಗುಳಿಗೆ

ಚನ್ನರಾಯಪಟ್ಟಣ
೧೨-೧-೧೯೬೫

ನನ್ನ ಅನಂತಮತಿಗೆ, ನಿನ್ನ ಅಕ್ಕ ವಸಂತಳಿಂದ ಸೊಟ್ಟ ಅಕ್ಷರದ ಆಶೀರ್ವಾದ.

ಮೂರು ಕಾಗದ ಬರೆದರೂ ಉತ್ತರವಿಲ್ಲವೆಂದು ನೀನು ಮೂತಿ ಊದಿಸಿಕೊಂಡು ಕೂತಿರುತ್ತೀಯ. ಊದಿಸಿಕೋ, ನಿನಗೆ ಹಕ್ಕಿದೆ. ಆದರೆ ಅರ್ಧ ಕೋಪ ಸಾಕು, ಏಕೆಂದರೆ ನನ್ನ ಬಲಗೈ ಮಣಿಕಟ್ಟು ಮುರಿದು ಏಳು ವಾರ ಪ್ಲಾಸ್ಟರಿನೊಳಗೆ ಕೂತಿತ್ತು. ಮೊನ್ನೆ ಬಿಚ್ಚಿದರು. ನಿಮ್ಮ ಭಾವ ತಾವೇ ಬರೆದು ಹಾಕುತ್ತೇನೆಂದು ಎರಡು ಸಲ ಹೇಳಿದರು, ನಾನೇ ಬೇಡವೆಂದೆ. ಅವರು ಬರೆದರೆ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಮುಗಿಸಿಬಿಡುತ್ತಾರೆ. ನನಗೆ ಹೇಳುವುದು ಒಂದು ರಾಶಿ ಇದೆ.

ಮೊದಲು ನಿನ್ನ ಸುದ್ದಿ. ಹತ್ತು ವರ್ಷದ ಮೇಲೆ, ಅಯ್ಯೋ ಅನಂತು, ಹತ್ತು ವರ್ಷದ ಮೇಲೆ! ನಿನ್ನ ಕಾಗದ ಓದಿ ನಾನು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಎಷ್ಟು ಸಲ ಓಡಾಡಿದೆನೋ. ಪ್ಲಾಸ್ಟರಿನ ಕೈಯನ್ನೇ ಎತ್ತಿ ಜಿನೇಶ್ವರನಿಗೆ ಮುಗಿದೆ. ಅಮ್ಮ ಇಲ್ಲದ ಮೇಲೆ ನಿನಗೆ ತವರು ಎಂದರೆ ಈ ಮನೆಯೇ. ಏಳನೆಯ ತಿಂಗಳಿಗೆ ಬರುತ್ತೇನೆ, ಬಾಣಂತನ ನೀನೇ ಮಾಡಬೇಕು ಎಂದು ಬರೆದಿದ್ದೀಯ. ಮಾಡದೆ ಬಿಡುತ್ತೇನೆಯೆ? ಅರಕಲಗೂಡಿನಿಂದ ಬರುವಾಗ ಹೊಳೆನರಸೀಪುರದಲ್ಲಿ ಬಸ್ಸು ಬದಲಾಯಿಸಬೇಕು, ಒಬ್ಬಳೇ ಹೊರಡಬೇಡ. ಕೂಸಿಗೆಂದು ಹಳೆಯ ಮೆತ್ತನೆಯ ಸೀರೆಗಳನ್ನು ಈಗಲೇ ಒಗೆಸಿ ಮಡಿಸಿಟ್ಟಿದ್ದೇನೆ.

ಈಗ ನನ್ನ ಕಥೆ. ಎರಡು ವರ್ಷ ನಾನು ಹೇಗಿದ್ದೆನೆಂದು ನೀನೇ ನೋಡಿದ್ದೀಯ. ಎದ್ದು ಬಾಚಣಿಗೆ ಹಿಡಿಯಲೂ ಆಗದೆ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಬಿಸಿಲು ಕಂಡವಳಲ್ಲ, ಹೊಟ್ಟೆ ತುಂಬ ಉಂಡವಳಲ್ಲ. ಶಾಂತಿ ಮಾಡಿಸಿದರು, ದೃಷ್ಟಿ ತೆಗೆಸಿದರು, ಕಷಾಯ ಕುಡಿಸಿದರು. ಕೊನೆಗೆ ಶ್ರಾವಣದಲ್ಲಿ ನಿಮ್ಮ ಭಾವ ಹಾಸನಕ್ಕೆ ಕರೆದುಕೊಂಡು ಹೋಗಿ ಲೇಡಿ ಡಾಕ್ಟರ್ ಕಮಲಾಕ್ಷಮ್ಮನವರಿಗೆ ತೋರಿಸಿದರು. ಇದು ಸೋಮಾರಿತನವಲ್ಲ, ಗಾಳಿಯೂ ಅಲ್ಲ, ಮನಸ್ಸಿಗೆ ಬರುವ ಕಾಯಿಲೆ, ಇದಕ್ಕೆ ಈಚೆಗೆ ಹೊಸ ಗುಳಿಗೆ ಬಂದಿದೆ ಎಂದರು ಆಕೆ. ಕಡಲೆಕಾಳಿನಷ್ಟು ಗುಳಿಗೆ. ಅದರ ಹೆಸರಿಗೆ ನನ್ನ ನಾಲಿಗೆ ಹೊರಳುವುದಿಲ್ಲ.

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನನಗೆ ಹಸಿವಾಯಿತು. ಸುಮ್ಮನೆ, ಎಲ್ಲರಿಗೂ ಆಗುವ ಹಸಿವು. ಮೂರು ಇಡ್ಲಿ ತಿಂದು ನಾಲ್ಕನೆಯದನ್ನು ಕೇಳಿದೆ. ನಿಮ್ಮ ಭಾವ ನನ್ನ ಮುಖ ನೋಡುತ್ತ ನಿಂತೇ ಇದ್ದರು. ಇನ್ನೊಂದು ವಾರಕ್ಕೆ ಅವರು ಶರಟಿನ ಗುಂಡಿ ತಪ್ಪಾಗಿ ಹಾಕಿಕೊಂಡು ಅಂಗಡಿಗೆ ಹೊರಟಿದ್ದನ್ನು ಕಂಡು ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಿರೀಸಾವೆ ಕಡೆಯ ದೊಡ್ಡತಾಯಮ್ಮ, ನಮ್ಮ ಮನೆಗೆ ಹಾಲು ಹಾಕುತ್ತಾಳಲ್ಲ, ಅವಳು ಚೆಂಬು ಹಿಡಿದುಕೊಂಡೇ ಬಾಗಿಲಲ್ಲಿ ಕೂತು ಅತ್ತುಬಿಟ್ಟಳು.

ದೀಪಾವಳಿಯ ಹೊತ್ತಿಗೆ ಡಾಕ್ಟರು ಗುಳಿಗೆ ಹೆಚ್ಚಿಸಿದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ರಾತ್ರಿ ಮಲಗುವಾಗ ಒಂದು. ನಾನು ದಡ್ಡಿ ಆದದ್ದು ಇಲ್ಲೇ. ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟದವಳು ರಾತ್ರಿ ಗುಳಿಗೆ ಹೇಗೆ ನುಂಗಲಿ? ಕೇಳಿದ್ದರೆ ಆಕೆ ಬೇರೆ ಹೊತ್ತು ಹೇಳುತ್ತಿದ್ದರು. ದೊಡ್ಡ ಡಾಕ್ಟರ ಹತ್ತಿರ ನಮ್ಮ ನೇಮ ನಿಷ್ಠೆಯ ಮಾತು ಏಕೆಂದು ಸುಮ್ಮನಿದ್ದೆ. ಮಧ್ಯಾಹ್ನದ್ದನ್ನೂ ರಾತ್ರಿಯದನ್ನೂ ಸೇರಿಸಿ ಸಂಜೆ ಐದು ಗಂಟೆಯ ಊಟದ ಜೊತೆ ನುಂಗತೊಡಗಿದೆ. ತಲೆ ಸ್ವಲ್ಪ ತೂಗುತ್ತಿತ್ತು, ಲೆಕ್ಕಿಸಲಿಲ್ಲ. ಚತುರ್ದಶಿ ಬಂತು. ಅವತ್ತು ನನಗೆ ಒಂದೇ ಹೊತ್ತಿನ ಊಟ, ನೀರೂ ಆಗಲೇ. ಮೂರನ್ನೂ ಒಟ್ಟಿಗೆ ನುಂಗಿದೆ. ಊಟ ಮುಗಿಸಿ ಮಣೆಯಿಂದ ಎದ್ದವಳಿಗೆ ಕಣ್ಣು ಕತ್ತಲಿಟ್ಟಿತು. ಹಿತ್ತಲ ಹೊಸ್ತಿಲ ಮೇಲೆ ಕೈ ಊರಿ ಬಿದ್ದೆ. ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು.

ಆಮೇಲೆ ನಮ್ಮ ಮನೆಯಲ್ಲಿ ನಡೆದ ಯುದ್ಧ ಕೇಳು. ನಿಮ್ಮ ಭಾವ ಗುಳಿಗೆಯ ಸೀಸೆಯನ್ನು ಅಂಗಡಿಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ವಿಷವೇ ಮೂಳೆ ತಿಂದಿತು, ಇನ್ನು ಅದು ಮನೆಯೊಳಗೆ ಬರಕೂಡದು ಎಂದರು. ನನಗೆ ಬಂದ ಸಿಟ್ಟು ನೋಡಬೇಕಾಗಿತ್ತು. ಒಳಕೋಣೆಯ ಆ ಗೋಡೆಗೆ ಮತ್ತೆ ಮುಖ ಮಾಡಿ ಮಲಗುವುದಕ್ಕಿಂತ ಇನ್ನೊಂದು ಕೈಯೂ ಮುರಿಯಲಿ ಎಂದು ಕೂಗಾಡಿದೆ. ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ ಕೂಗಾಡಿದ್ದು. ದೊಡ್ಡತಾಯಮ್ಮ ನನ್ನ ಪಕ್ಷ ವಹಿಸಿ ಅವರ ಮುಂದೆ ನಿಂತಳು. “ಸಾ, ಮುರುದ್ ಕೈ ಕೂಡ್ಕತದೆ. ಅಮ್ಮಾವ್ರ ನಗು ಒಂಟೋದ್ರೆ ಎಲ್ಲಿಂದ ತತ್ತೀರಿ?” ಎಂದಳು. ಕೊನೆಗೆ ಅವರೇ ಸರಿ, ಹಾಸನಕ್ಕೇ ಹೋಗಿ ಕೇಳೋಣ ಎಂದರು.

ಡಾಕ್ಟರು ಎಕ್ಸ್‌ರೇ ತೆಗೆಸಿ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನಗೂ ತೋರಿಸಿದರು. ನನ್ನ ಮೂಳೆಯನ್ನು ನಾನೇ ನೋಡಿದೆ, ಅನಂತು! ಬೆಳ್ಳಗೆ ಗಟ್ಟಿಯಾಗಿ ಕಾಣಬೇಕಾದದ್ದು ತೆಳ್ಳಗೆ, ಹೊಗೆ ಹಿಡಿದಂತೆ ಕಾಣುತ್ತಿತ್ತು. ನಿಮ್ಮ ಭಾವ ಇದೆಲ್ಲ ಗುಳಿಗೆಯಿಂದಲೇ ತಾನೆ ಎಂದು ಪಟ್ಟು ಹಿಡಿದರು. ಆಕೆ ಸುಳ್ಳು ಧೈರ್ಯ ಹೇಳಲಿಲ್ಲ. “ಬಿದ್ದದ್ದು ಗುಳಿಗೆಯಿಂದ. ಅದು ಮೂಳೆಗೆ ಏನು ಮಾಡುತ್ತೆ ಅಂತ ನನಗೆ ಗೊತ್ತಿಲ್ಲ, ಹೊಸ ಔಷಧಿ. ಆದರೆ ಈ ಮೂಳೆ ಮೂರು ತಿಂಗಳಲ್ಲಿ ಸವೆದದ್ದಲ್ಲ” ಎಂದರು. ಮುಟ್ಟು ನಿಂತು ಎಷ್ಟು ದಿನವಾಯಿತು, ಬಿಸಿಲಿಗೆ ಹೋಗುತ್ತೀರಾ, ಏನು ಉಣ್ಣುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಹತ್ತು ವರ್ಷದಿಂದ ಹಾಲು, ಮೊಸರು, ಮಜ್ಜಿಗೆ ಬಿಟ್ಟಿದ್ದೇನೆ, ವ್ರತ ಎಂದೆ. ಆಕೆ ಪೆನ್ನು ಕೆಳಗಿಟ್ಟರು.

ತೀರ್ಪು ಹೀಗಾಯಿತು. ಗುಳಿಗೆ ಬಿಡುವಂತಿಲ್ಲ, ಆದರೆ ಎರಡೇ, ಬೆಳಿಗ್ಗೆ ಒಂದು, ಹೊತ್ತು ಮುಳುಗುವ ಮುಂಚೆ ಒಂದು. ಗೆದ್ದೆನಲ್ಲ! ಮಲಗಿದ್ದರೆ ದಡಕ್ಕನೆ ಏಳಬಾರದು. ದಿನಾ ಅರ್ಧ ಗಂಟೆ ಬಿಸಿಲು. ರಾಗಿ, ಎಳ್ಳು, ನುಗ್ಗೆಸೊಪ್ಪು ತಿನ್ನಬೇಕು. ಅದರ ಮೇಲೆ ದಿನಕ್ಕೆ ಎರಡು ಲೋಟ ಹಾಲು ಬೇಕೇ ಬೇಕು. ತಂಗಿಯ ಬಾಣಂತನ ಮಾಡಬೇಕು ಎಂದಾಗ ಆಕೆ ನಕ್ಕು, ಹಾಲು ಕುಡಿಯದಿದ್ದರೆ ಕೂಸನ್ನು ಎತ್ತುವ ಆಸೆ ಬಿಡಿ, ಈ ಕೈಗೆ ಬಿಂದಿಗೆಯೂ ಕೂಡದು ಎಂದರು.

ಹಾಗಾಗಿ ಈಗ ನಿನ್ನ ಅಕ್ಕ ದಿನಾ ಬೆಳಿಗ್ಗೆ ಹಿತ್ತಲಲ್ಲಿ ಚಾಪೆ ಹಾಸಿಕೊಂಡು ಹಪ್ಪಳದ ಹಾಗೆ ಒಣಗುತ್ತಾಳೆ. ಬಸದಿಗೆ ನಡೆದೇ ಹೋಗಿ ಬರುತ್ತೇನೆ. ನಿನ್ನೆ ಹಾಡು ಹೇಳಿಕೊಂಡು ರೊಟ್ಟಿ ತಟ್ಟಿದೆ, ಅರ್ಧ ಸೀದುಹೋಯಿತು, ನಿಮ್ಮ ಭಾವ ಅದನ್ನೂ ತಿಂದರು. ಹಾಲು ಒಂದೇ ಇನ್ನೂ ಕುಡಿದಿಲ್ಲ. ಬಸದಿಯ ಪುರೋಹಿತರು ಕಾಯಿಲೆಯವರಿಗೆ ವಿನಾಯಿತಿ ಇದೆ, ಒಂದು ಪ್ರಾಯಶ್ಚಿತ್ತ ಮಾಡಿಕೊಂಡರಾಯಿತು ಎಂದರು. ನಿಮ್ಮ ಭಾವ ದಿನಾ ಲೋಟ ಹಿಡಿದು ಬಂದು ನಿಲ್ಲುತ್ತಾರೆ. ಎಂಥ ಹಟ ನಿನ್ನದು ಎನ್ನುತ್ತಾರೆ. ಊರಿನ ಹೆಂಗಸರು ಎಂಥ ನಿಷ್ಠೆ ಎಂದು ಹೊಗಳುತ್ತಾರೆ. ಎರಡೂ ಅಲ್ಲ.

ನೀನು ಹುಷಾರಾಗಿರು. ಭಾರ ಎತ್ತಬೇಡ, ನೀನಂತೂ ಎರಡು ಲೋಟ ಹಾಲು ತಪ್ಪಿಸಬೇಡ. ನಿನ್ನ ಒಡಲು ತಂಪಾಗಿರಲಿ, ಒಳಗಿರುವ ಕೂಸಿಗೆ ನೂರು ವರ್ಷ ಆಯಸ್ಸು ಬರಲಿ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಅಕ್ಕ,
ವಸಂತ

ಮರೆತದ್ದು ಎಂದು ಬರೆಯಬೇಕು ಇಲ್ಲಿ. ಮರೆತದ್ದಲ್ಲ. ಇದನ್ನು ಬರೆಯುವುದಕ್ಕೇ ಕಾಗದ ಹಿಡಿದು ಕೂತೆ, ನಾಲ್ಕು ಹಾಳೆ ಸುತ್ತಿ ಬಂದೆ.

ನಿನ್ನ ನೇಮಿ ಹೋದಾಗ ಅವನಿಗೆ ಏಳು ತಿಂಗಳು. ನೀನು ಟೈಫಾಯ್ಡಿನಲ್ಲಿ ಜ್ಞಾನವಿಲ್ಲದೆ ಮಲಗಿದ್ದೆ, ಕೂಸು ನನ್ನ ಕೈಲಿತ್ತು. ಸಂಜೆ ಅತ್ತ. ಬೆಳಗಿನ ಹಾಲು ಉಳಿದಿತ್ತು, ಮೂಗಿಗೆ ಹಿಡಿದಾಗ ಸ್ವಲ್ಪ ಹುಳಿ ಅನ್ನಿಸಿತು. ಸೂರ್ಯ ಮುಳುಗುತ್ತಿದ್ದ. ಆಗತಾನೆ ನೇಮ ಹಿಡಿದ ಹುರುಪು ನನಗೆ, ಒಲೆ ಆರಿಸಿ ಸಾರಿಸಿಯಾಗಿತ್ತು, ಮತ್ತೆ ಹಚ್ಚಲಿಲ್ಲ. ಕೂಸಿಗೆ ಯಾವ ನೇಮವೂ ಇಲ್ಲವೆಂದು ನನಗೆ ಗೊತ್ತಿತ್ತು. ಕಾಯಿಸದೆ ಕುಡಿಸಿದೆ. ವಾಂತಿ ಭೇದಿ ಹಿಡಿದು ಮೂರನೆಯ ದಿನ ಹೋದ. ತಾಯಿಯ ಜ್ವರವೇ ಕೂಸಿಗೂ ತಗುಲಿತು ಎಂದು ಎಲ್ಲರೂ ಹೇಳಿದರು. ನೀನೂ ನಂಬಿದೆ. ಹತ್ತು ವರ್ಷ ನಿನ್ನನ್ನು ನೀನೇ ಬೈದುಕೊಂಡೆ, ನನ್ನ ಹೆಗಲ ಮೇಲೆಯೇ ಅತ್ತೆ. ನಾನು ಬೆನ್ನು ಸವರುತ್ತ ಕೇಳಿಸಿಕೊಂಡೆ.

ನಿನ್ನ ಜ್ವರ ಅಲ್ಲ, ಅನಂತು. ನಾನು ಕೊಟ್ಟ ಹಾಲು.

ಇದು ಗೊತ್ತಿಲ್ಲದೆ ನೀನು ಈ ಮನೆಗೆ ಬರಬಾರದು. ನಾನು ಹಾಲು ಕುಡಿಯಬೇಕೋ ಬೇಡವೋ ಹೇಳಬೇಕಾದವಳು ನೀನು, ಬೇರೆ ಯಾರಿಂದಲೂ ಆಗದು. ಕುಡಿ ಎಂದು ಒಂದು ಕಾರ್ಡು ಬರೆದರೆ ಕುಡಿಯುತ್ತೇನೆ. ಬರೆಯದಿದ್ದರೆ ಏಕೆಂದು ಕೇಳುವುದಿಲ್ಲ. ಬಾಣಂತನಕ್ಕೆ ಬೇರೆ ಕಡೆ ಹೋಗುವುದಾದರೆ, ಕೂಸಿನ ಹಾಲನ್ನು ಪ್ರತಿ ಸಲವೂ ಕಾಯಿಸಿಯೇ ಕೊಡಬೇಕೆಂದು ಅಲ್ಲಿಯವರಿಗೆ ಹೇಳು.