ಮಾರ್ಚ್ ತಿಂಗಳ ಸಮುದ್ರ, ಅಪ್ಪನ ಸಹಿ

ಜೂನ್ ೯, ಸೋಮವಾರ. ಮಧ್ಯಾಹ್ನ ೧.೨೦, ಅಂಗಡಿಯಲ್ಲಿ

ಅಖಂಡ ನೂರಾ ತೊಂಬತ್ತೆರಡು ಪುಟಗಳ ಒಡೆಯನೂ, ನೀಲಿ ರಟ್ಟಿನ ಕವಚಧಾರಿಯೂ, ಬಲತುದಿಯಲ್ಲಿ ಚಹಾ ಲೋಟದ ಮುದ್ರೆಯನ್ನು ಪದಕದಂತೆ ಧರಿಸಿದವನೂ ಆದ ನೋಟ್‌ಬುಕ್ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ, ಕನ್ನಡಕದಂಗಡಿಯಲ್ಲಿ ಲೆನ್ಸ್ ಉಜ್ಜುವ ಈ ಅಲ್ಪ ಸೇವಕಿ ಅಡ್ಡಬಿದ್ದು ಅರಿಕೆ ಮಾಡಿಕೊಳ್ಳುವುದೇನೆಂದರೆ —

ಮಾಲೀಕರು ಊಟಕ್ಕೆ ಹೋಗಿದ್ದಾರೆ.

ಬೆಳಿಗ್ಗೆಯಿಂದ ಹನ್ನೊಂದು ಜೋಡಿ ಲೆನ್ಸ್ ಕತ್ತರಿಸಿದೆ. ಹನ್ನೆರಡನೆಯದು ಅಪ್ಪನ ಡೈವಿಂಗ್ ಮಾಸ್ಕಿಗೆ. ನೀರೊಳಗೆ ಗಾಳಿಯ ಮೀಟರ್ ಓದಲು ಪ್ಲಸ್ ಎರಡರ ಲೆನ್ಸ್ ಬೇಕು. ಗಾಜಿನ ಕೆಳಭಾಗದಲ್ಲಿ ಅರ್ಧಚಂದ್ರದ ಹಾಗೆ ಅಂಟಿಸಬೇಕು. ಅಂಟಿಸಿದೆ. ಚೆನ್ನಾಗಿ ಬಂದಿದೆ. ಈ ಬೀದಿಯಲ್ಲಿ ಇಷ್ಟು ನಾಜೂಕಾಗಿ ಅಂಟಿಸುವವರು ಇನ್ನೊಬ್ಬರಿಲ್ಲ. (ಈ ಬೀದಿಯಲ್ಲಿ ಇನ್ನೊಂದು ಕನ್ನಡಕದಂಗಡಿಯೂ ಇಲ್ಲ.)

ಅಪ್ಪ ಮೂವತ್ತೊಂದು ವರ್ಷ ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಇದ್ದವನು. ನೀರಿನ ಮಟ್ಟಕ್ಕಿಂತ ಕೆಳಗೆ. ಎಣ್ಣೆ, ಸೆಕೆ, ಕಿವಿ ಗಡಚಿಕ್ಕುವ ಸದ್ದು. "ಸಮುದ್ರ ನನ್ನ ಮೊಣಕೈಯಿಂದ ಗೇಣು ದೂರ ಇತ್ತು ಕಣೇ. ಮಧ್ಯೆ ಕಬ್ಬಿಣದ ಗೋಡೆ. ಆ ಕಡೆ ಏನಿದೆ ಅಂತ ಒಂದ್ಸಲನೂ ನೋಡ್ಲಿಲ್ಲ." ರಿಟೈರ್ ಆದ ಮರುವಾರವೇ ಈಜುಕೊಳದ ಡೈವಿಂಗ್ ಕ್ಲಾಸಿಗೆ ಸೇರಿದ, ನನ್ನನ್ನೂ ಎಳೆದುಕೊಂಡು. ಈಗ ಅರವತ್ತೊಂದು. ಆಸೆ ಒಂದೇ. ರೆಕ್ಕೆಯಂಥ ಅಗಲ ಮೈಯ ಮಾಂಟಾ ಮೀನು ತಲೆಯ ಮೇಲೆ ಹಾದುಹೋಗಬೇಕು. ಒಣಹಾಕಿದ ಚಾದರ ಗಾಳಿಗೆ ಎದ್ದ ಹಾಗೆ ಹೋಗುತ್ತದಂತೆ.

ಅದಕ್ಕೇ ಈ ಲಿವ್‌ಅಬೋರ್ಡ್ ಟ್ರಿಪ್. ಏಳು ದಿನ ಹಡಗಿನಲ್ಲೇ ವಾಸ. ತಿನ್ನು, ಮುಳುಗು, ಮಲಗು, ಮತ್ತೆ ಮುಳುಗು. ಯಾವ ಸಮುದ್ರ, ಯಾವ ತಿಂಗಳು ಎಂದು ತೀರ್ಮಾನಿಸಲು 'ಮಹಾಸಾಗರ ಆಯ್ಕೆ ಸಮಿತಿ' ಸ್ಥಾಪನೆಯಾಗಿದೆ. ಅಧ್ಯಕ್ಷೆಯೂ ಕಾರ್ಯದರ್ಶಿಯೂ ನಾನೇ. ಯಾರೂ ಆಕ್ಷೇಪಿಸಲಿಲ್ಲ. ಕೇಳಿದ್ದರೆ ತಾನೇ.

ಮಾಲೀಕರು ಬಂದರು. ಕಣ್ಣು ಪರೀಕ್ಷೆಯ ಪಟವನ್ನು ತಲೆಕೆಳಗಾಗಿ ನೇತುಹಾಕಿದ್ದು ಇನ್ನೂ ಗಮನಕ್ಕೆ ಬಂದಿಲ್ಲ...

ಜೂನ್ ೧೦, ಮಂಗಳವಾರ. ಸಂಜೆ

ಪ್ರಥಮ ಮಹಾಧಿವೇಶನ. ಸ್ಥಳ: ನಮ್ಮ ಹಾಲ್. ಹಾಜರಿ: ಅಪ್ಪ, ಅಮ್ಮ, ಅಕ್ಕ, ಭಾವ. ಭಾವ ಲ್ಯಾಂಡ್ ಸರ್ವೇಯರ್. ಚಪ್ಪಲಿ ಬಿಡುವಾಗಲೂ ಗೋಡೆಗೆ ಸಮಾನಾಂತರವಾಗಿ ಬಿಡುತ್ತಾರೆ. ನೂರಾ ಹನ್ನೆರಡು ಡೈವ್ ಆಗಿದೆ. ನಾವು ಮರೆಯದಂತೆ ಆಗಾಗ ನೋಡಿಕೊಳ್ಳುತ್ತಾರೆ.

ಅವರ ಪ್ರಸ್ತಾಪ: ಕೊಮೊಡೊ ದ್ವೀಪಗಳ ಸಮುದ್ರ, ಮುಂದಿನ ಆಗಸ್ಟ್.

"ಪ್ರವಾಹ ಜೋರಿದ್ದ ಕಡೆನೇ ಮೀನು ಜಾಸ್ತಿ, ಮಾವ. ಮಾಂಟಾನೂ ಸಿಗತ್ತೆ."

"ಆಗ್ಲಿ, ಅಲ್ಲಿಗೇ ಹೋಗೋಣ," ಎಂದ ಅಪ್ಪ. ಯಾವುದಕ್ಕೂ ಬೇಡ ಅನ್ನುವ ಅಭ್ಯಾಸವೇ ಇಲ್ಲ ಈ ಮನುಷ್ಯನಿಗೆ.

"ಆ ತಿಂಗಳು ದಕ್ಷಿಣದ ನೀರು ತಣ್ಣಗಿರತ್ತೆ ಅಂತ ನೀವೇ ಹೇಳಿದ್ರಲ್ಲ ಭಾವ?"

"ದಪ್ಪ ಸೂಟ್ ಹಾಕ್ಕೊಂಡ್ರೆ ಆಯ್ತು."

"ಅಪ್ಪನ ಹೊಟ್ಟೆ ಮೇಲೆ ದಪ್ಪ ಸೂಟ್ ಬೇರೆ ಹಾಕಿದ್ರೆ ಮುಳುಗೋದೇ ಇಲ್ಲ. ಹಡಗುಗಳು ಅವನನ್ನ ನೋಡ್ಕೊಂಡು ದಾರಿ ತಿರುಗಿಸ್ತವೆ."

"ಬಾಯಿ ಮುಚ್ಚೇ ಕಪಿ," ಎಂದಳು ಅಮ್ಮ. "ನಾನಂತೂ ನೀರಿಗಿಳಿಯಲ್ಲ. ಡೆಕ್ ಮೇಲೆ ಕೂತು ಎಷ್ಟು ತಲೆ ಹೋಯ್ತು, ಎಷ್ಟು ಬಂತು ಅಂತ ಎಣಿಸ್ತೀನಿ."

ಅಧ್ಯಕ್ಷೆಯ ಪ್ರಸ್ತಾಪ: ಮಾಲ್ಡೀವ್ಸ್, ಮಾರ್ಚ್ ಕೊನೆ. ಈಶಾನ್ಯದ ಗಾಳಿ ಮುಗಿಯುತ್ತ ಬಂದಿರುತ್ತದೆ, ಸಮುದ್ರ ಶಾಂತ. ನೀರು ಬೆಚ್ಚಗೆ, ತಿಳಿ. ಆಗ ಮಾಂಟಾಗಳು ದ್ವೀಪಗಳ ಪಶ್ಚಿಮದ ಬದಿಗೆ ಬರುತ್ತವಂತೆ.

"ಅದು ಹನಿಮೂನ್ ಜಾಗ," ಎಂದರು ಭಾವ. ಅಕ್ಕ ಅವರನ್ನೇ ನೋಡಿದಳು. ಇವರು ಅವಳನ್ನು ಹನಿಮೂನಿಗೆ ಕರೆದುಕೊಂಡು ಹೋದದ್ದು ಒಂದು ಅಣೆಕಟ್ಟು ನೋಡಲು.

ತೀರ್ಮಾನ: ಭಾನುವಾರ ಕ್ವಾರಿ ಕೆರೆಯಲ್ಲಿ ಎಲ್ಲರೂ ಒಂದು ಡೈವ್. ಯಾರ ಶಕ್ತಿ ಎಷ್ಟು ಅಂತ ನೋಡಿ ಮುಂದಿನ ಮಾತು.

ಅಪ್ಪ ಇದನ್ನೂ ತನ್ನ ಲಾಗ್ ಬುಕ್ಕಿನಲ್ಲಿ ಬರೆದುಕೊಂಡ. ಹಡಗಿನ ಚಟ. ಗ್ಯಾಸ್ ಸಿಲಿಂಡರ್ ಬದಲಿಸಿದರೂ ದಿನಾಂಕ, ಸಮಯ, ಸಹಿ. ಒಮ್ಮೆ ಇವನ ವಾಚ್‌ನಲ್ಲಿ, ಅಂದರೆ ಪಾಳಿಯಲ್ಲಿ, ಒಬ್ಬ ಜೂನಿಯರ್ ತಪ್ಪು ವಾಲ್ವ್ ತಿರುಗಿಸಿದನಂತೆ. ಆ ತಪ್ಪನ್ನು ಅಪ್ಪ ತನ್ನದೆಂದೇ ಬರೆದು ಸಹಿ ಹಾಕಿದನಂತೆ. ಯಾಕೆ ಎಂದು ಕೇಳಿದರೆ, "ವಾಚ್ ನಂದು. ಸಹಿನೂ ನಂದೇ." ಅಷ್ಟೇ ಉತ್ತರ. ಪ್ರಮೋಷನ್ ಎರಡು ವರ್ಷ ತಡವಾಗಿದ್ದು ಯಾಕೆ ಎಂದು ಅಮ್ಮ ಆಗ ಹೇಳಿದಳು.

ಜೂನ್ ೧೫, ಭಾನುವಾರ. ೪ ಗಂಟೆ

ಕ್ವಾರಿ ಕೆರೆ. ಕಲ್ಲು ತೆಗೆದು ಬಿಟ್ಟ ಗುಂಡಿ. ನೀರು ಹಸಿರು. ಕೈ ಚಾಚಿದರೆ ಬೆರಳು ಕಾಣುತ್ತದೆ, ಅದರಾಚೆ ಏನೂ ಇಲ್ಲ.

ಭಾವ-ಅಕ್ಕ ಒಂದು ಜೋಡಿ. ಅಪ್ಪ-ನಾನು ಇನ್ನೊಂದು. ಹನ್ನೆರಡು ಮೀಟರ್. ಇಪ್ಪತ್ತೆರಡು ನಿಮಿಷ.

ಸಿಲಿಂಡರಿನಲ್ಲಿ ಇನ್ನೂರು ಬಾರ್ ಗಾಳಿ ಇಟ್ಟುಕೊಂಡು ಇಳಿಯುವುದು. ಐವತ್ತಕ್ಕಿಂತ ಕಡಿಮೆಯಾಗುವ ಮೊದಲು ಮೇಲಿರಬೇಕು. ನಿಯಮ. ದಡದಲ್ಲಿ ಭಾವ ಪ್ಯಾಡ್ ಹಿಡಿದು, "ಯಾರ್ದು ಎಷ್ಟು ಉಳಿದಿದೆ?"

"ನಂದು ನಲವತ್ತು. ಇವಳದ್ದು ನೂರಹತ್ತು," ಎಂದ ಅಪ್ಪ.

"ನಲವತ್ತಾ! ಇಷ್ಟು ಬೇಗ? ಏನ್ ಮಾವ ಇದು?"

"ಹಳೇ ಎಂಜಿನ್ ಅಲ್ವಾ. ಜಾಸ್ತಿ ಕುಡಿಯತ್ತೆ."

ಎಲ್ಲರೂ ನಕ್ಕರು. ಅಧ್ಯಕ್ಷೆಯೂ ನಕ್ಕಳು.

ಅಪ್ಪನದು ನಲವತ್ತು. ನನ್ನದು ನೂರಹತ್ತು. ದಾಖಲಿಸಲಾಗಿದೆ.

ಜೂನ್ ೨೯, ಭಾನುವಾರ

ಎರಡು ವಾರ ಬರೆಯಲಿಲ್ಲ. ಅಂಗಡಿಯಲ್ಲಿ ಹೊಸ ಸ್ಟಾಕ್. ಬೇರೇನಿಲ್ಲ.

ಭಾವ ಅಪ್ಪನನ್ನು ವರಾಂಡಾಕ್ಕೆ ಕರೆದು ಮಾತಾಡಿದರು. ಕಿಟಕಿಯ ಈ ಕಡೆ ನಾನು ಅತ್ಯಂತ ಗಂಭೀರವಾಗಿ ಗಿಡಕ್ಕೆ ನೀರು ಹಾಕುತ್ತಿದ್ದೆ. ಪ್ಲಾಸ್ಟಿಕ್ ಗಿಡ.

"ತಪ್ಪು ತಿಳ್ಕೋಬೇಡಿ ಮಾವ. ಗಾಳಿ ಅಷ್ಟು ಬೇಗ ಖಾಲಿ ಆದ್ರೆ ಪ್ರವಾಹದಲ್ಲಿ ಕಷ್ಟ. ಜೋರಿರೋ ಕಡೆ ನೀವು ಅತ್ತೆ ಜೊತೆ ಡೆಕ್ ಮೇಲೇ ಇದ್ಬಿಡಿ."

"ಆಗ್ಲಿ. ನೀವು ಹೇಳಿದ್ದು ಸರಿ."

ಆಗ್ಲಿ! ಮೂವತ್ತೊಂದು ವರ್ಷ ಕಬ್ಬಿಣದ ಗೋಡೆಯ ಹಿಂದೆ ಕೂತವನು, ಇನ್ನು ಡೆಕ್ ಮೇಲೆ ಕೂತು ತಲೆ ಎಣಿಸಬೇಕೇ? ಅದೂ ಅಮ್ಮನ ಅಸಿಸ್ಟೆಂಟ್ ಆಗಿ?

ಸಾಧ್ಯವಿಲ್ಲ. ಸಮಿತಿ ತುರ್ತಾಗಿ ಸೇರುತ್ತದೆ. ಕೊಮೊಡೊಗೆ ಮಣ್ಣು ಮುಕ್ಕಿಸದಿದ್ದರೆ ನಾನು ಅಧ್ಯಕ್ಷೆಯೇ ಅಲ್ಲ.

ಜುಲೈ ೧, ಮಂಗಳವಾರ. ಸಂಜೆ ೭.೧೫

ವಿಜಯ. ಮಹಾವಿಜಯ.

ಅಂಗಡಿಯ ಕಣ್ಣು ಪರೀಕ್ಷೆಯ ಹಳೇ ಪಟದ ಹಿಂಬದಿಗೆ ಹನ್ನೆರಡು ತಿಂಗಳು ಬರೆದು ಹಾಲಿನಲ್ಲಿ ನೇತುಹಾಕಿದೆ. ಲೇಸರ್ ಪಾಯಿಂಟರ್ ಇರಲಿಲ್ಲ, ಸೌಟು ಹಿಡಿದೆ. ಜೂನ್, ಜುಲೈನಲ್ಲಿ ಮಾಲ್ಡೀವ್ಸ್‌ಗೆ ಹೋದರೆ ಅಲೆ, ಮಳೆ. ಜನವರಿಯಲ್ಲಿ ನೀರು ತಿಳಿ, ಆದರೆ ದ್ವೀಪಗಳ ನಡುವಿನ ಕಾಲುವೆಗಳಲ್ಲಿ ಸೆಳೆತ ಹೆಚ್ಚು. ಮಾರ್ಚ್ ಕೊನೆಗೆ ಸೆಳೆತ ಇಳಿದಿರುತ್ತದೆ. ಏಜೆಂಟ್‌ಗೆ ಮೂರು ಸಲ ಫೋನ್ ಮಾಡಿ ಖಾತ್ರಿ ಮಾಡಿಕೊಂಡಿದ್ದೇನೆ. ನಾಲ್ಕನೆಯ ಸಲ ಆಕೆ ಎತ್ತಲಿಲ್ಲ.

"ನಿಂಗ್ಯಾಕೆ ಇಷ್ಟೊಂದು ಹಠ?" ಎಂದರು ಭಾವ.

"ನನಗಾ? ನನಗೇನು ಭಾವ, ಸುಂಟರಗಾಳಿಗಾದ್ರೂ ಇಳೀತೀನಿ. ಅಪ್ಪನಿಗೋಸ್ಕರ ಹೇಳ್ತಿರೋದು."

ಅಪ್ಪ ಕನ್ನಡಕ ಒರೆಸುತ್ತ ಕೂತಿದ್ದ. ತಲೆ ಎತ್ತಲಿಲ್ಲ.

ಮತದಾನ. ಅಕ್ಕ ಮಾರ್ಚ್, ಅಮ್ಮ ಮಾರ್ಚ್, ಅಪ್ಪ ಮಾರ್ಚ್. ಅಣೆಕಟ್ಟಿನ ಸೇಡು ಹನ್ನೊಂದು ವರ್ಷಕ್ಕೆ ತೀರಿತು.

ಆದರೆ ಭಾವ ಸರ್ವೇಯರ್. ಸೋತರೂ ಗಡಿಕಲ್ಲು ನೆಡದೆ ಬಿಡರು. "ಮಾರ್ಚ್ ಆಗ್ಲಿ. ಆದ್ರೆ ಮಾವನ ಹೆಸರು ಸುಲಭದ ನಾಲ್ಕು ಡೈವ್‌ಗೆ ಮಾತ್ರ ಬರೀತೀನಿ. ಮಾಂಟಾ ಜಾಗದಲ್ಲಿ ಸೆಳೆತ ಸ್ವಲ್ಪ ಇದ್ದೇ ಇರತ್ತೆ. ನಲವತ್ತು ಬಾರ್ ನಾನು ಕಿವಿಯಾರೆ ಕೇಳಿದೀನಿ."

"ನಾಲ್ಕು ಸಾಕು," ಎಂದ ಅಪ್ಪ.

ಜುಲೈ ೬, ಭಾನುವಾರ. ಬೆಳಿಗ್ಗೆ ೮.೪೦

ಹತ್ತು ಗಂಟೆಗೆ ಭಾವ ಏಜೆಂಟ್‌ಗೆ ಪಟ್ಟಿ ಕಳಿಸುತ್ತಾರೆ. ಯಾರು ಯಾವ ಡೈವ್ ಎಂದು. ಜೊತೆಗೆ ಎಲ್ಲರ ಲಾಗ್ ಬುಕ್ಕಿನ ಕೊನೆಯ ಪುಟದ ಫೋಟೋ ಬೇಕಂತೆ. ಅಪ್ಪನದನ್ನು ತೆಗೆಯುವ ಕೆಲಸ ನನಗೆ ಬಂತು.

ತೆರೆದೆ. ಎಂಜಿನ್ ರೂಮಿನ ಅದೇ ದುಂಡು ಅಕ್ಷರ.

'ಜೂನ್ ೧೫. ಆಳ ೧೨ ಮೀ. ಸಮಯ ೨೨ ನಿ. ಆರಂಭ ೨೦೦, ಕೊನೆ ೪೦. ಷರಾ: ಎಲ್ಲಾ ಸರಿ. ಜೊತೆಗಾರ್ತಿ ಧೈರ್ಯವಂತೆ.' ಕೆಳಗೆ ಸಹಿ. ಎರಡು ಗೆರೆ ಎಳೆದು.

ಮಹಾಪ್ರಭುಗಳೇ.

ಜೂನ್ ೧೫ರಂದು ತಮ್ಮ ಪುಟದಲ್ಲಿ ನಾನು ಬರೆದದ್ದು ಸುಳ್ಳು. ಆ ಹಸಿರು ನೀರಿನಲ್ಲಿ ಅಪ್ಪನ ಕಾಲು ಒಂದರ್ಧ ನಿಮಿಷ ಕಾಣದಾಯಿತು. ಅಷ್ಟೇ. ಆಮೇಲೆ ನಾನು ತಿದಿಯ ಹಾಗೆ ಉಸಿರೆಳೆದೆ. ಅಪ್ಪ ಬಂದು ಕೈ ಹಿಡಿದ. ನನ್ನ ಮೀಟರ್ ನೋಡಿದ. ನಾನೇ ಅಂಟಿಸಿದ ಲೆನ್ಸ್‌ನಿಂದ ಸ್ಪಷ್ಟವಾಗಿ ಓದಿದ. ಮೇಲೆ ಬರುವ ತನಕ ಕೈ ಬಿಡಲಿಲ್ಲ. ದಡದಲ್ಲಿ ನನಗಿಂತ ಮೊದಲು ಬಾಯಿ ಬಿಟ್ಟ.

ಹಾಲಿನಲ್ಲಿ ಭಾವ ಲ್ಯಾಪ್‌ಟಾಪ್ ತೆರೆದಿದ್ದಾರೆ. ಅಪ್ಪ ಪಕ್ಕದಲ್ಲೇ ಇದ್ದಾನೆ, ಪೆನ್ನು ಹಿಡಿದು. ಸಹಿ ಹಾಕಲು.

ಹೋಗಿ ಹೇಳಬೇಕು. ನಲವತ್ತು ನನ್ನದು. ನೂರಹತ್ತು ಅಪ್ಪನದು. ಅಪ್ಪನ ಹೆಸರು ಎಲ್ಲಾ ಡೈವ್‌ಗೂ ಬರೀರಿ, ನಾಲ್ಕು ನನಗೆ ಸಾಕು ಅಂತ. ಇನ್ನು ಆ ಸೆಳೆತವಿಲ್ಲದ ಸಮುದ್ರ, ಮಾರ್ಚ್ ತಿಂಗಳು, ಸೌಟು, ಭಾಷಣ — ಅದು ಕೂಡ ಅಪ್ಪನಿಗೋಸ್ಕರ ಅಲ್ಲ. ಹೆದರಿದ್ದು ನಾ—